ಹುಳದ ಮನೆಯ ಕಿಟಕಿಗೆ ಕಟ್ಟಿದ ಮನಿ ಪ್ಲಾಂಟು

ನಮ್ಮ ಮನೆಯ ಆ ಕೋಣೆಗೆ ಈಗಲೂ ಹುಳದ ಮನೆ ಎಂದೇ ಹೆಸರು. ರೇಷ್ಮೆ ಹುಳ ಸಾಕುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ನೆಲಕ್ಕೆ ಟೈಲ್ಸ್ ಬಂತು, ಗೋಡೆಗೆ ತಿಳಿಹಳದಿ ಬಣ್ಣ ಬಂತು, ಮೂಲೆಯಲ್ಲಿ ಬಾತ್‌ರೂಮು ಬಂತು, ಮಂಚ ಬಂತು, ಬೀರು ಬಂತು. ಹೆಸರು ಮಾತ್ರ ಹೋಗಲಿಲ್ಲ. "ಬೆಡ್‌ರೂಮು ಅನ್ರೀ, ಕೇಳಿದವರು ಹುಳದ ಜೊತೆ ಮಲಗ್ತೀವಿ ಅಂದ್ಕೊಳ್ತಾರೆ" ಎಂದು ನನ್ನ ಗಂಡನಿಗೆ ಹೇಳಿ ಹೇಳಿ ಬಾಯಿ ನೋವು ಬಂದು ಸುಮ್ಮನಾದೆ.

ಹೆಸರೊಂದೇ ಉಳಿದಿದ್ದರೆ ನನ್ನ ತಕರಾರೇನೂ ಇರಲಿಲ್ಲ. ಸದ್ದೂ ಉಳಿದಿತ್ತು. ನಾನು ಮಾಗಡಿ ಪೇಟೆಯಲ್ಲಿ ಬೆಳೆದವಳು, ಹುಳದ ಗಂಧಗಾಳಿ ಗೊತ್ತಿಲ್ಲದವಳು. ಮದುವೆಯಾಗಿ ಕೂಟಗಲ್ ಕಡೆಯ ಈ ಊರಿಗೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಸೊರಸೊರ ಮಳೆಯ ಸದ್ದು ಕೇಳಿ, ಒಣಗಲು ಹಾಕಿದ ಬಟ್ಟೆ ತರಲು ಅಂಗಳಕ್ಕೆ ಓಡಿದ್ದೆ. ಹೊರಗೆ ರಣಬಿಸಿಲು. ಅತ್ತೆ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಹೊತ್ತುಕೊಂಡು ನಿಂತಿದ್ದವರು ನನ್ನ ಮುಖ ನೋಡಿ ನಕ್ಕರು. "ಮಳೆ ಅಲ್ಲ ಕಣವ್ವ, ಹುಳ ಮೇಯ್ತಾ ಅವೆ" ಎಂದರು. ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ ಹುಳ ಹಾಗೆ ತಿನ್ನುತ್ತವೆ, ಇಡೀ ಮನೆಗೆ ಕೇಳುವ ಹಾಗೆ.

ಹುಳ ಬಿಟ್ಟ ಮೇಲೂ ಆ ಕೋಣೆಯಲ್ಲಿ ಮಧ್ಯಾಹ್ನ ಅರೆನಿದ್ದೆಗೆ ಜಾರಿದರೆ ನನಗೆ ಆ ಸದ್ದು ಕೇಳುತ್ತಿತ್ತು. ದೆವ್ವ ಭೂತ ಎಂದು ಹೆದರುವ ಪೈಕಿ ನಾನಲ್ಲ. ರಾಮನಗರದ ಕಾಲೇಜೊಂದರ ಗ್ರಂಥಾಲಯದಲ್ಲಿ ಕೂದಲು ನೆರೆಯುವ ತನಕ ಕೆಲಸ ಮಾಡಿದವಳು; ದೆವ್ವದ ಕಾದಂಬರಿಗಳಿಗೆ ಕೈಯಾರೆ ರಟ್ಟು ಅಂಟಿಸಿ, ಮನೆಗೆ ಬಂದು ಮುದ್ದೆ ಉಂಡು ನೆಮ್ಮದಿಯಾಗಿ ಮಲಗಿದವಳು. ಆದರೂ ಆ ಕೋಣೆಯಲ್ಲಿ ಎಚ್ಚರವಾದಾಗ ಎದೆ ಡವಡವ ಎನ್ನುತ್ತಿತ್ತು. ಎದ್ದು ಹೋಗಿ ಹಾಲ್‌ನ ಚಾಪೆಯ ಮೇಲೆ ಬಿದ್ದುಕೊಳ್ಳುತ್ತಿದ್ದೆ. ಗಂಡ ಏನಾಯಿತೆಂದು ಕೇಳುತ್ತಿರಲಿಲ್ಲ.

ಆ ಮನುಷ್ಯನಿಗೊಬ್ಬಳು ಅಕ್ಕ ಇದ್ದಳಂತೆ. ಲಂಗ ಹಾಕುವ ವಯಸ್ಸಿನಲ್ಲೇ ಹೋದಳು. ಮನೆಯಲ್ಲಿ ಅವಳ ಫೋಟೋ ಇಲ್ಲ, ಎಡೆ ಇಡುವ ದಿನವೂ ಅವಳ ಮಾತು ಬರುವುದಿಲ್ಲ. "ಗಾಳಿ ಸೋಕಿ ಹೋಯ್ತು" ಎಂದು ಊರಿನ ಹೆಂಗಸೊಬ್ಬಳು ನೀರಿನ ತೊಟ್ಟಿಯ ಹತ್ತಿರ ಹೇಳಿದ್ದಷ್ಟೇ ನನಗೆ ಗೊತ್ತು. ಗಂಡನನ್ನು ಕೇಳಿದರೆ, "ನಾನವಾಗ ಚಿಕ್ಕೋನು ಕಣೆ, ಏನ್ ನೆನಪೈತೆ" ಎಂದು ಎದ್ದು ಕೊಟ್ಟಿಗೆಯ ಕಡೆ ಹೋಗುತ್ತಿದ್ದರು. ಕೊಟ್ಟಿಗೆಯಲ್ಲಿ ಹಸು ಇಲ್ಲದ ಕಾಲದಲ್ಲೂ ಹೋಗುತ್ತಿದ್ದರು.

ನನ್ನ ಮಗಳಿಗೂ ಆ ಕೋಣೆ ಆಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ಅಲ್ಲಿ ಮಲಗಿದವಳು ಒಂದು ದಿನ ಕಿಟಾರನೆ ಕಿರುಚಿಕೊಂಡು ಹೊರಗೆ ಬಂದಳು. "ಏನೋ ತಣ್ಣಗೆ ನನ್ನ ಮೂಗಿನ ಕೆಳಗೆ ಮುಟ್ಟಿತು" ಎಂದಳು. ಹಲ್ಲಿ ಇರಬೇಕು ಎಂದೆ. ಮತ್ತೊಮ್ಮೆ ಹಾಗೇ ಆಯಿತು, ಮತ್ತೊಮ್ಮೆ. ಆಮೇಲೆ ಅವಳು ಆ ಹೊಸ್ತಿಲು ದಾಟಲೇ ಇಲ್ಲ. ಪರೀಕ್ಷೆಗೆ ಓದುವಾಗ ಕೂಡ ಅಡುಗೆಮನೆಯಲ್ಲಿ ರಾಗಿ ಮೂಟೆಗೆ ಒರಗಿಕೊಂಡು ಓದಿ ಪಾಸಾದಳು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಮದುವೆಯಾಗಿ ಬಿಡದಿಗೆ ಹೋದ ಆ ಮಗಳು ಬಹಳ ಕಾಲ ಕಾದು, ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಹರಕೆ ಕಟ್ಟಿ, ಕೊನೆಗೆ ಬಸುರಿಯಾದಳು. ಬಾಣಂತನ ತವರಿನಲ್ಲಿ ಆಗಬೇಕು. ಬಾಣಂತಿಗೂ ಕೂಸಿಗೂ ಬಾತ್‌ರೂಮು ಇರುವ ಕೋಣೆ ಬೇಕು. ನಮ್ಮಲ್ಲಿ ಅಂಥದ್ದು ಒಂದೇ ಇತ್ತು. "ಹುಳದ ಮನೆಯಲ್ಲಾದರೆ ನಾನು ಬರಲ್ಲಮ್ಮ" ಎಂದು ಫೋನಿನಲ್ಲೇ ಹೇಳಿಬಿಟ್ಟಳು. ಅವಳ ಅತ್ತೆಯಂತೂ "ಇಲ್ಲೇ ಇರಲಿ ಬಿಡಿ, ನಿಮಗ್ಯಾಕೆ ತೊಂದರೆ" ಎಂದು ಸಕ್ಕರೆಯಂಥ ದನಿಯಲ್ಲಿ ಹೇಳಿ ನನ್ನ ಹೊಟ್ಟೆಗೆ ಬೆಂಕಿ ಇಟ್ಟರು. ಅಷ್ಟು ವರ್ಷ ಕಾದ ಮೊಮ್ಮಗು ಮೊದಲು ನನ್ನ ಮನೆಯಲ್ಲಿ ಮಲಗಬೇಕು, ಅದರ ಮೈಯ ಎಣ್ಣೆ ನನ್ನ ಸೆರಗಿಗೆ ಅಂಟಬೇಕು. ಇನ್ನೇನೂ ಬೇಡವಾಗಿತ್ತು ನನಗೆ.

ಹಾಗಾಗಿ ಹಟ ಹಿಡಿದೆ. ಕೋಣೆಯ ದೋಷ ಗಾಳಿಯದ್ದು ಎಂದು ತೀರ್ಮಾನ ಮಾಡಿದೆ. ವರ್ಷಗಟ್ಟಲೆ ಹುಳದ ಒಂದೊಂದು ಬೆಳೆ ಮುಗಿದಾಗಲೂ ರೋಗನಾಶಕ ಔಷಧಿ ಹೊಡೆದು ತೊಳೆದ ಗೋಡೆಗಳು. ಒಳಗೆ ಕಾಲಿಟ್ಟರೆ ಮೂಗಿಗೆ ಏನೋ ಘಾಟು. ಫೋನಿನಲ್ಲಿ ನೋಡಿದರೆ, ಮಲಗುವ ಕೋಣೆಯ ಗಾಳಿ ಶುದ್ಧ ಮಾಡುವ ಗಿಡಗಳು ಎಂದು ಸಾಲು ಸಾಲು ವಿಡಿಯೋ. ಹೆಂಗಸೊಬ್ಬಳು ನಗುನಗುತ್ತಾ ಕುಂಡಗಳ ನಡುವೆ ಮಲಗಿ ತೋರಿಸುತ್ತಿದ್ದಳು. "ಒಂದು ಗಿಡ ಇಟ್ಟು ನೋಡಿ, ನಿದ್ದೆ ಹೇಗೆ ಬರತ್ತೆ ಅಂತ" ಎನ್ನುತ್ತಿದ್ದಳು. ಮಗಳಿಗೆ ಕಳಿಸಿದೆ. "ಆ ರೂಮು ಹೀಗೆ ಆದರೆ ಯೋಚನೆ ಮಾಡ್ತೀನಿ" ಎಂದು ಉತ್ತರ ಬಂತು. ನನಗೆ ಅಷ್ಟು ಸಾಕಾಯಿತು.

ಚನ್ನಪಟ್ಟಣದ ರಸ್ತೆಯಲ್ಲಿದ್ದ ನರ್ಸರಿಗೆ ಗಂಡನ ಸ್ಕೂಟರಿನಲ್ಲಿ ಹೋದೆವು. ನರ್ಸರಿಯವನು ನನ್ನನ್ನು ನೋಡಿದ ಕೂಡಲೇ ಗುಲಾಬಿ ಸಾಲಿಗೆ ಕರೆದುಕೊಂಡು ಹೋದ.

"ಮಲಗೋ ರೂಮಿಗಪ್ಪ. ಎಳೆಮಗು ಇರುತ್ತೆ. ಹೂವು ಬೇಡ, ವಾಸನೆ ಬೇಡ" ಎಂದೆ.

"ಹಂಗಾರೆ ಸ್ನೇಕ್ ಪ್ಲಾಂಟ್ ತಗಳಿ ಮೇಡಂ. ರಾತ್ರಿನೂ ಆಕ್ಸಿಜನ್ ಬುಡ್ತದೆ."

"ನೀನು ನೋಡಿದ್ಯಾ ಬಿಡೋದನ್ನ?"

"ಎಲ್ರೂ ಹಂಗೇ ಹೇಳ್ತವ್ರೆ ಮೇಡಂ" ಎಂದು ಅವನೂ ನಕ್ಕ, ನಾನೂ ನಕ್ಕೆ. ಕತ್ತಿಯ ಹಾಗೆ ನೆಟ್ಟಗೆ ನಿಂತ ಆ ಗಿಡ ಒಂದು ತೆಗೆದುಕೊಂಡೆ. ಅಗಲ ಎಲೆಗೆ ಬಿಳಿ ಚುಕ್ಕೆ ಇದ್ದದ್ದು ಕಣ್ಣಿಗೆ ಚೆನ್ನಾಗಿತ್ತು, ಎಲೆ ಬಾಯಿಗೆ ಹೋದರೆ ನಾಲಿಗೆ ಕಡಿದು ಊದುತ್ತದೆ ಎಂದು ಅವನೇ ಹೇಳಿದ, ಬಿಟ್ಟೆ. ಅರೇಕಾ ಪಾಮ್ ಒಂದು, ಲೋಳೆಸರ ಒಂದು, ಕಿಟಕಿಗೆ ಹಬ್ಬಿಸಲು ಮನಿ ಪ್ಲಾಂಟು ಒಂದು. ಮಗು ಅಂಬೆಗಾಲಿಡುವ ಹೊತ್ತಿಗೆ ಎಲ್ಲವನ್ನೂ ಎತ್ತರಕ್ಕೆ ಏರಿಸಿದರಾಯಿತು ಎಂದುಕೊಂಡೆ. ಕುಂಡದ ಕೆಳಗೆ ನೀರು ನಿಲ್ಲಬಾರದು, ಸೊಳ್ಳೆ ಆಗುತ್ತದೆ. ಮಣ್ಣು ಸದಾ ಒದ್ದೆ ಇರಬಾರದು, ಬೂಷ್ಟು ಹಿಡಿಯುತ್ತದೆ. ಎಲೆಯ ಮೇಲಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಎಲ್ಲ ಕೇಳಿಕೊಂಡೆ. ವಾಪಸು ಬರುವಾಗ ಸ್ಕೂಟರಿನ ಮೇಲೆ ನಾನು ಗಿಡಗಳ ಹಿಂದೆ ಕಾಣುತ್ತಲೇ ಇರಲಿಲ್ಲ.

ನನ್ನ ಅತ್ತೆ ಜಗಲಿಯ ಮೇಲೆ ಕೂತಿದ್ದರು. ವಯಸ್ಸಾಗಿ ನೆನಪು ಕೈಕೊಡುತ್ತಿತ್ತು. ಕೆಲವು ದಿನ ನನ್ನನ್ನು ಗುರುತು ಹಿಡಿಯುತ್ತಿದ್ದರು, ಕೆಲವು ದಿನ "ಯಾರವ್ವ ನೀನು, ಊಟ ಆಯ್ತಾ" ಎನ್ನುತ್ತಿದ್ದರು. ಅವರಿಗೆ ಹುಳ ಮಾತ್ರ ಮರೆತಿರಲಿಲ್ಲ. ನಾನು ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ "ಘಾಟು ಹುಳೀಕೆ ಬಡೀತದೆ" ಎಂದು ಕೂಗುತ್ತಿದ್ದರು. ಆ ಕೋಣೆಗೆ ಯಾರು ಹೋದರೂ ಕಾಲು ತೊಳೆದು ಹೋಗಬೇಕಿತ್ತು.

"ಔಸ್ದಿ ಹೊಡ್ದವ್ರಾ ಇದುಕ್ಕೆ?" ಎಂದು ಗಿಡಗಳನ್ನು ನೋಡಿದವರೇ ಕೇಳಿದರು. ಹುಳ ಸಾಕಿದವರ ಮೊದಲ ಪ್ರಶ್ನೆ ಅದೇ. ಔಷಧಿ ಬಿದ್ದ ಒಂದು ಎಲೆ ಇಡೀ ಬೆಳೆಯನ್ನು ಕೊಲ್ಲುತ್ತದೆ.

"ಇದು ಹುಳಕ್ಕಲ್ಲ ಅತ್ತೆ. ರೂಮಿಗೆ. ಒಳ್ಳೆ ಗಾಳಿ ಬರಲಿ ಅಂತ."

"ಗಾಳಿ ಬರಾಕೆ ಕಿಟ್ಕಿ ಐತಲ್ಲವ್ವ" ಎಂದರು. ಆಮೇಲೆ ಒಂದೊಂದು ಎಲೆಯನ್ನೂ ಬಕೆಟ್ಟಿನಲ್ಲಿ ಅದ್ದಿ ತೊಳೆದು, ಮೂಸಿ ನೋಡಿ, ಒಳಗೆ ಬಿಟ್ಟರು. ನನ್ನ ಗಂಡ ಮೀಸೆಯಲ್ಲೇ ನಗುತ್ತಿದ್ದರು.

ಅಲ್ಲಿಂದ ಶುರುವಾಯಿತು ನನಗೂ ಅತ್ತೆಗೂ ಯುದ್ಧ. ಆ ಕೋಣೆಯ ಕಿಟಕಿ ಹಳೆಯದು. ಹೊರಗಡೆ ಕಬ್ಬಿಣದ ಸರಳು, ಒಳಕ್ಕೆ ತೆರೆಯುವ ಮರದ ಎರಡು ಬಾಗಿಲು, ಮೊಳದಗಲ ಗೋಡೆ. ನಾನು ಗಿಡಗಳನ್ನು ವಿಡಿಯೋದಲ್ಲಿ ಕಂಡ ಹಾಗೆ ಮಂಚದ ಪಕ್ಕ, ಬೀರುವಿನ ಪಕ್ಕ, ಮೂಲೆಯಲ್ಲಿ ಇಟ್ಟು ಬರುತ್ತಿದ್ದೆ. ಕಾಫಿ ಕುಡಿದು ಬರುವಷ್ಟರಲ್ಲಿ ಯಾವುದೋ ಒಂದು ಕುಂಡ ಕಿಟಕಿಯ ಕಟ್ಟೆಯ ಮೇಲೆ, ಬಾಗಿಲು ಹಾಕುವ ಜಾಗದಲ್ಲೇ ಸರಿಯಾಗಿ ಕೂತಿರುತ್ತಿತ್ತು. ತೆಗೆದು ಮೂಲೆಗಿಟ್ಟರೆ ಮತ್ತೆ ಅಲ್ಲೇ. ಸೊಂಟ ಬಗ್ಗಿದ ಹೆಂಗಸು, ನೀರಿನ ಚೊಂಬು ಎತ್ತಲು ಕೈ ನಡುಗುತ್ತಿತ್ತು, ಮಣ್ಣು ತುಂಬಿದ ಕುಂಡವನ್ನು ಅದು ಹೇಗೆ ಎತ್ತುತ್ತಿದ್ದರೋ ಆ ದೇವರೇ ಬಲ್ಲ.

"ಅತ್ತೆ, ಅದು ಅಲ್ಲಿದ್ದರೆ ಕಿಟಕಿ ಹಾಕೋಕಾಗಲ್ಲ!"

"ಊಂ" ಎನ್ನುತ್ತಿದ್ದರು, ಬಹಳ ಸಮಾಧಾನದಿಂದ.

"ಊಂ ಅಲ್ಲ. ಬಿದ್ದು ಒಡೆದು ಹೋಗುತ್ತೆ. ನನ್ನ ಪ್ರಾಣ ತಿನ್ನೋಕೆ ಅಂತಲೇ ಮಾಡ್ತೀರಾ?"

"ಬಿಸ್ಲು ಬೇಕಲ್ಲವ್ವ ಗಿಡುಕ್ಕೆ" ಎಂದು ಎದ್ದು ಹೋಗುತ್ತಿದ್ದರು. ಅದೂ ನಿಜವೇ, ಅದರಿಂದ ಇನ್ನೂ ಸಿಟ್ಟು.

ಅರೇಕಾ ಪಾಮ್‌ನ ತುದಿಗಳು ಕಂದು ಬಣ್ಣಕ್ಕೆ ತಿರುಗಿದವು. ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯಲಿಲ್ಲ, ದಿನದಿಂದ ದಿನಕ್ಕೆ ಒಣಗುತ್ತಾ ಹೋಗಿ ಸತ್ತೇಹೋಯಿತು. ಲೋಳೆಸರ ಬುಡದಲ್ಲಿ ಕೊಳೆಯಿತು. ಗೋಡೆಗೆ ಹತ್ತಿರ ನಿಂತವುಗಳಲ್ಲಿ ಉಳಿದದ್ದು ಸ್ನೇಕ್ ಪ್ಲಾಂಟು ಒಂದೇ. ಒಂದು ಮಧ್ಯಾಹ್ನ ಸತ್ತ ಪಾಮ್ ಹೊರಗೆ ಹಾಕಲೆಂದು ಹೋದಾಗ ಕೋಣೆಯ ಒಳಗಿನಿಂದ ಮಾತು ಕೇಳಿತು. ಅತ್ತೆ ಖಾಲಿ ಮಂಚದ ತುದಿಯಲ್ಲಿ ಕೂತು ಹಾಸಿಗೆಯನ್ನು ಮೆಲ್ಲಗೆ ತಟ್ಟುತ್ತಿದ್ದರು.

"ಮಲಿಕ್ಕೊ ಮಗ. ತಗುದೈತೆ. ನೋಡು, ತಗುದೇ ಐತೆ" ಎನ್ನುತ್ತಿದ್ದರು.

ಏನು ತೆಗೆದಿದೆ, ಯಾರಿಗೆ ಹೇಳುತ್ತಿದ್ದಾರೆ ಎಂದು ತಿಳಿಯಲಿಲ್ಲ. ನಿಂತಲ್ಲೇ ಆ ಸದ್ದು ಕೇಳಿತು, ಸೊರಸೊರ, ಸೊರಸೊರ. ಹೊರಗೆ ಒಂದು ಹನಿ ಮಳೆಯಿರಲಿಲ್ಲ. ಸತ್ತ ಗಿಡವನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಬಂದು ಸುಮ್ಮನೆ ಪಾತ್ರೆ ತೊಳೆದೆ, ತೊಳೆದದ್ದನ್ನೇ ತೊಳೆದೆ.

ಹೆರಿಗೆ ರಾಮನಗರದ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಹೆಣ್ಣು ಮಗು. ಅಷ್ಟು ಹೊತ್ತಿಗೆ ಹುಳದ ಮನೆಯಲ್ಲಿ ಉಳಿದಿದ್ದದ್ದು ಸ್ನೇಕ್ ಪ್ಲಾಂಟು ಮತ್ತು ಕಿಟಕಿಯಲ್ಲಿದ್ದ ಮನಿ ಪ್ಲಾಂಟು ಎರಡೇ. ಆದರೆ ಮನಿ ಪ್ಲಾಂಟು ಏನು ಹಬ್ಬಿತ್ತು ಅಂತೀರಿ! ಸರಳುಗಳಿಗೆಲ್ಲ ಸುತ್ತಿಕೊಂಡು, ಅಂಗೈಯಗಲ ಎಲೆ ಬಿಟ್ಟು, ಕೋಣೆಯ ಒಳಗೆಲ್ಲ ಹಸಿರು ಬೆಳಕು. ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಅವಳ ಕಣ್ಣು ಕಿಟಕಿಯ ಮೇಲೆ ನಿಂತಿತು. "ಚೆನ್ನಾಗಿದೆಯಮ್ಮ" ಎಂದು ಬಲಗಾಲಿಟ್ಟು ಒಳಗೆ ಬಂದಳು. ನಾನು ಗೆದ್ದೆ ಎಂದು ಬೀಗಿದೆ.

ಅತ್ತೆಗೆ ಮಗು ಎತ್ತಿಕೊಳ್ಳುವ ಆಸೆ. ಎರಡೂ ಕೈ ಚಾಚಿಕೊಂಡು ಬರುತ್ತಿದ್ದರು. ಕೈ ನಡುಗುವುದನ್ನು ನೋಡಿ ನಾನು ಮಗುವನ್ನು ಎದೆಗೊತ್ತಿಕೊಂಡು "ಆಮೇಲೆ ಅತ್ತೆ, ಆಮೇಲೆ" ಎನ್ನುತ್ತಿದ್ದೆ. ಅವರು ಹೊಸ್ತಿಲಲ್ಲಿ ಕೂರುತ್ತಿದ್ದರು. ಕೂತಲ್ಲಿಂದ ಮಗುವನ್ನು ನೋಡುತ್ತಿರಲಿಲ್ಲ, ಕಿಟಕಿಯನ್ನು ನೋಡುತ್ತಿದ್ದರು.

ಬಾಣಂತಿಗೆ ನೀರು ಹಾಕಲು ಊರಿನದೇ ಹೆಂಗಸೊಬ್ಬಳನ್ನು ಗೊತ್ತು ಮಾಡಿದ್ದೆವು. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬಹುದು. ಎಣ್ಣೆ ಒತ್ತಿ, ಮೈ ಸುಡುವಷ್ಟು ಬಿಸಿನೀರು ಹುಯ್ದು, ಬಾಣಂತಿಯ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿ, ಬಾಂಡ್ಲಿಯಲ್ಲಿ ಕೆಂಡ ತಂದಿಟ್ಟು, ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಕೊಟ್ಟು, ಬೆಚ್ಚಗೆ ಮಲಗಿಸುವುದು. ಗಾಳಿ ಆಡಬಾರದು, ಬಾಣಂತಿಗೆ ಶೀತ ಆದರೆ ಜನ್ಮಕ್ಕೆಲ್ಲ ಅಂಟುತ್ತದೆ ಎಂಬ ಮಾತು. ಹೊಗೆ ಕೊಟ್ಟ ಕೂಡಲೇ ಕೆಂಡ ಹೊರಗೆ ತರಬೇಕು ಎಂದು ನಾನು ಹೇಳಿದ್ದೆ, ಅವಳೂ ತರುತ್ತಿದ್ದಳು. ಆದರೆ ಆ ವಾರ ಚಳಿ ಜೋರಾಯಿತು. ಬೆಟ್ಟದ ಕಡೆಯಿಂದ ಕುಳಿರ್ಗಾಳಿ ಬೀಸುತ್ತಿತ್ತು.

ಆ ದಿನ ನೀರು ಹಾಕುವುದು ಮುಗಿದು ಮಗಳೂ ಮಗುವೂ ಮಲಗಿದ ಮೇಲೆ, ಮಗುವಿಗೆ ಹನಿ ಔಷಧಿ ತೀರಿತ್ತೆಂದು, ನೀರು ಹಾಕುವವಳನ್ನು ಕಾವಲಿಗೆ ಬಿಟ್ಟು, ನಾನು ಗಂಡನ ಜೊತೆ ರಾಮನಗರಕ್ಕೆ ಹೋದೆ. ತರಕಾರಿಯನ್ನೂ ಕೊಂಡು ಬರುವಾಗ ಮಧ್ಯಾಹ್ನ ಇಳಿಯುತ್ತಿತ್ತು. ಗೇಟು ತೆಗೆಯುವಾಗ ಕಂಡದ್ದು ಈಗಲೂ ನನ್ನ ಕಣ್ಣ ಮುಂದೆ ಹಾಗೇ ಇದೆ. ಹುಳದ ಮನೆಯ ಕಿಟಕಿಯ ಹೊರಗೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅತ್ತೆ ಹತ್ತಿ ನಿಂತಿದ್ದರು. ಬಲಗೈ ಸರಳುಗಳ ನಡುವಿನಿಂದ ಮೊಣಕೈ ತನಕ ಒಳಗೆ ಹೋಗಿತ್ತು. ಕೆನ್ನೆಯನ್ನು ಕಬ್ಬಿಣಕ್ಕೆ ಒತ್ತಿಕೊಂಡಿದ್ದರು. ಗಾಳಿಗೆ ಸೀರೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಅವ್ವ! ಬಿದ್ದೀಯೆ!" ಎಂದು ನನ್ನ ಗಂಡ ಸ್ಕೂಟರು ಹಾಗೇ ಕೆಡವಿ ಓಡಿದರು.

"ನೀವ್ ಒಳೀಕ್ ಓಗಿ. ನಾನ್ ಇಡ್ಕೊಂಡಿವ್ನಿ" ಎಂದರು ಅತ್ತೆ. ದನಿಯಲ್ಲಿ ಉಸಿರಿರಲಿಲ್ಲ. "ಕೆಂಡ ಐತೆ ಒಳ್ಗೆ. ಬಿರ್ರನೆ ಓಗಿ."

ಮುಂಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು, ಹಿತ್ತಲ ಬಾಗಿಲ ಚಿಲಕ ತೆಗೆದು ಓಡಿದೆವು. ಕೋಣೆಯ ಬಾಗಿಲು ಮುಚ್ಚಿತ್ತು, ಅದರ ಸಂದಿಗೆ ಕಂಬಳಿ ತುರುಕಿತ್ತು. ತಳ್ಳಿಕೊಂಡು ಒಳಗೆ ಹೋದರೆ ಮಂಚದ ಕಾಲ ಬಳಿ ಬಾಂಡ್ಲಿ, ತುಂಬ ಕೆಂಡ, ಹೊಗೆಯೇನೂ ಇಲ್ಲ, ಕೆಂಪಗೆ ನಿಗಿನಿಗಿ. ಮಗಳನ್ನು ಅಲ್ಲಾಡಿಸಿದರೆ ತಲೆ ಜೋತುಬಿತ್ತು. ನನ್ನ ಬಾಯಿಂದ ಬಂದ ಕೂಗು ನನ್ನದೇ ಎಂದು ನನಗೆ ತಿಳಿಯಲಿಲ್ಲ. ಮತ್ತೆ ಅಲ್ಲಾಡಿಸಿದಾಗ ಕಣ್ಣು ಬಿಟ್ಟಳು, "ಅಮ್ಮ, ತಲೆ ಸಿಡೀತಿದೆ" ಎಂದಳು, ಅಂಗಳಕ್ಕೆ ತಂದ ಮೇಲೆ ವಾಂತಿ ಮಾಡಿಕೊಂಡಳು. ಕಿಟಕಿಯ ಕೆಳಗಿನ ತೊಟ್ಟಿಲಲ್ಲಿ ಮಗು ಮುಷ್ಟಿ ಚೀಪುತ್ತಾ ಎಚ್ಚರವಾಗಿಯೇ ಇತ್ತು. ಅದರ ಮೇಲೆ ತಣ್ಣನೆ ಗಾಳಿ ಬರುತ್ತಿತ್ತು. ಕಿಟಕಿಯ ಒಂದು ಬಾಗಿಲು ಮುಚ್ಚಿತ್ತು. ಇನ್ನೊಂದಕ್ಕೆ ಮನಿ ಪ್ಲಾಂಟಿನ ಕುಂಡ ಅಡ್ಡ ಕೂತಿತ್ತು. ಕುಂಡದ ಕೊರಳಿಗೆ ಹಳೇ ಸೀರೆಯ ಅಂಚು ಸುತ್ತಿ ಸರಳಿಗೆ ಗಂಟಿನ ಮೇಲೆ ಗಂಟು ಹಾಕಿತ್ತು. ಆ ಗಂಟಿನ ಮೇಲೆ ಅತ್ತೆಯ ಕೈ.

ಆಸ್ಪತ್ರೆಗೆ ಓಡಿದೆವು. ಕೆಂಡದ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ, ನಿದ್ದೆಯಲ್ಲೇ ಕರೆದುಕೊಂಡು ಹೋಗುತ್ತದೆ ಎಂದು ಡಾಕ್ಟರಮ್ಮ ಮಗಳ ಮೂಗಿಗೆ ಆಕ್ಸಿಜನ್ ಹಾಕುತ್ತಾ ಬೈದರು. "ಕಿಟಕಿ ತೆಗೆದಿತ್ತು, ಬಚಾವಾದ್ರಿ" ಎಂದರು. ನಾನು ದಡ್ಡಿಯ ಹಾಗೆ, ರೂಮಿನಲ್ಲಿ ಗಿಡ ಇಟ್ಟಿದ್ದೆನಲ್ಲ ಎಂದೆ. "ಎರಡು ಕುಂಡದ ಗಿಡ ಏನು ಮಾಡುತ್ತಮ್ಮ?" ಎಂದರು. ಮಗುವನ್ನೂ ನೋಡಿದರು, ಏನೂ ಆಗಿರಲಿಲ್ಲ. ಮಗಳು ಚೇತರಿಸಿಕೊಂಡ ಮೇಲೆ ಮನೆಗೆ ಕಳಿಸಿದರು.

ನೀರು ಹಾಕುವವಳು ಅಂಗಳದಲ್ಲಿ ಅಳುತ್ತಾ ಕಾದಿದ್ದಳು. ಕಲ್ಲಿನಂಥವರೂ ಬೈಯದಂಥ ಅಳು. "ಚಳೀಗ್ ನಡುಗ್ತಿದ್ರು ಕಣಕ್ಕ, ಒಸಿ ಬೆಚ್ಚಗಿರ್ಲಿ ಅಂತ ಮಡಗ್ಬುಟ್ಟೆ. ಕಿಟ್ಕಿನೂ ಮುಚ್ಚಾಕ್ ಓದೆ. ಆ ಕುಂಡ ಅಳ್ಳಾಡ್ನಿಲ್ಲ. ಗಂಟು ಬಿಚ್ಚಾಕ್ ಓದ್ರೆ ಒರ್ಗಿಂದ ಅಜ್ಜಿ ಕೈ ಬಂದು ನನ್ ಕೈ ಇಡ್ಕಂತು. ಮುಂದ್ಲ ಬಾಗ್ಲು ಅಗುಳಿ ಆಕಿದ್ನಲ್ಲ, ಒಳೀಕ್ ಬರಾಕ್ ಆಗ್ನಿಲ್ಲ ಅಜ್ಜಿಗೆ. ನಾನ್ ಎದ್ರುಕೊಂಡು ಎದ್ ಓಗ್ಬುಟ್ಟೆ" ಎಂದಳು. ಹೋಗುವಾಗ ಹಿತ್ತಲ ಬಾಗಿಲಿಗೂ ಹೊರಗಿನಿಂದ, ಬಗ್ಗಿದ ಸೊಂಟಕ್ಕೆ ಎಟುಕದ ಮೇಲಿನ ಚಿಲಕ ಹಾಕಿಕೊಂಡು ಹೋಗಿದ್ದಳಂತೆ, ಮುದುಕಿ ಒಳಗೆ ನುಗ್ಗಿ ಮಗು ಎತ್ತಿಕೊಂಡಾಳೆಂಬ ಭಯಕ್ಕೆ. ಆ ಭಯ ಹುಟ್ಟಿಸಿದವಳು ನಾನೇ. ಅಷ್ಟೂ ಹೊತ್ತು ಅತ್ತೆ ಆ ಕಲ್ಲಿನ ಮೇಲೆ, ಗಾಳಿಯಲ್ಲಿ, ಅಲ್ಲೇ ನಿಂತಿದ್ದರು.

ಅವರು ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಬಲಗೈ ಊದಿಕೊಂಡಿತ್ತು. ನಾನು ಪಕ್ಕದಲ್ಲಿ ಕೂತು ಎಣ್ಣೆ ಸವರಿದೆ. ಮಗಳು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತಳು. ಗಂಡ ಕಂಬಕ್ಕೆ ಒರಗಿ ನಿಂತಿದ್ದರು, ಆ ದಿನ ಕೊಟ್ಟಿಗೆಗೆ ಹೋಗಲಿಲ್ಲ. ಅತ್ತೆಗೆ ಆಗ ನೆನಪು ತಿಳಿನೀರಿನ ಹಾಗಿತ್ತು. ಯಾರೂ ಕೇಳದೆ ಅವರಾಗಿಯೇ ಹೇಳಿದರು.

"ಇಂತದೇ ಮಾಗಿ ಚಳಿ. ಹುಳ ನಾಕ್ನೇ ಜ್ವರ ಎದ್ದಿದ್ವು." ಹುಳ ಚರ್ಮ ಕಳಚಲು ತಿನ್ನುವುದನ್ನು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. "ಹುಳೀಕೆ ಬೆಚ್ಚಗಿರ್ಲಿ ಅಂತ ಕೆಂಡ ಮಡಗಿದ್ದೊ, ಕಿಟ್ಕೀಗೆ ಗೋಣಿ ಒಡ್ದಿದ್ದೊ. ನನ್ ಹೆಣ್ ಮಗೀಗೆ ಕೆಮ್ಮು. ಮನೇಲೆಲ್ಲ ಬೆಚ್ಚಗಿದ್ದುದ್ದು ಅದೊಂದೇ ಜಾಗ. ಅಲ್ಲೇ ಮಲುಗ್ಸುದೆ. ಯಾರೂ ಹೇಳ್ಳಿಲ್ಲ, ನಾನೇ ಮಲುಗ್ಸುದೆ. ಬೆಳಿಗ್ಗೆ ಸೊಪ್ ತಕ್ಕೊಂಡ್ ಓದ್ರೆ ಹುಳ ಎಲ್ಲ ತಲೆ ಎತ್ಕೊಂಡ್ ನೋಡ್ತಿದ್ವು. ಮಗ ಎತ್ನಿಲ್ಲ."

ಮಗಳು ಮಗುವನ್ನು ಎದೆಗೆ ಅವುಚಿಕೊಂಡಳು.

"ಕೆನ್ನೆ ಕೆಂಪುಗಿತ್ತು. ಆಟ ಆಡ್ ಬಂದಂಗೆ. ಗಾಳಿ ಸೋಕ್ತು ಅಂದ್ರು ಎಲ್ಲ. ನಾನೂ ಊಂ ಅಂದೆ. ಮಣ್ ಮಾಡ್ ಬಂದು, ತಲೆಮ್ಯಾಲ್ ನೀರ್ ಉಯ್ಕೊಂಡು, ಒಳೀಕ್ ಓಗಿ ಸೊಪ್ ಆಕ್ದೆ. ಹುಳ ಮೇಯ್ತಿದ್ವು. ಅವುಕ್ಕೇನ್ ಗೊತ್ತು."

ನನ್ನ ಗಂಡ ಮುಖ ಮುಚ್ಚಿಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ. "ಒಂದು ಮಾತು ನನಗೆ ಹೇಳಬಾರದಿತ್ತಾ ಅತ್ತೆ? ಗಿಡ ತಂದು ಇಟ್ಟಾಗಲೇ ಹೇಳಬಾರದಿತ್ತಾ?" ಎಂದೆ.

ಅತ್ತೆ ನನ್ನನ್ನು ನೆಟ್ಟಗೆ ನೋಡಿದರು. "ಹೇಳಿದ್ರೆ ನಿನ್ ಮಗೀನ ನನ್ ಕೈಗೆ ಕೊಡ್ತಿದ್ಯಾ ನೀನು?" ಎಂದರು.

ಕೇಳಿದ್ದು ನನ್ನ ಮಗಳ ವಿಷಯವೋ ಮೊಮ್ಮಗಳ ವಿಷಯವೋ ತಿಳಿಯಲಿಲ್ಲ. ನನ್ನ ಮಗಳೇ ಮುಂದೆ ಬಂದು ಮಗುವನ್ನು ಅತ್ತೆಯ ಮಡಿಲಲ್ಲಿ ಮಲಗಿಸಿದಳು. ಅತ್ತೆ ಊದಿದ ಕೈಯನ್ನು ಸೀರೆಗೆ ಒರೆಸಿಕೊಂಡರು. ಆಮೇಲೆ ತೋರುಬೆರಳನ್ನು ಮಡಿಸಿ, ಮಗುವಿನ ಮೂಗಿನ ಕೆಳಗೆ, ಮುಟ್ಟಿಯೂ ಮುಟ್ಟದ ಹಾಗೆ ಹಿಡಿದರು. ಹಿಡಿದು ಕಾದರು.

"ಅಮ್ಮ" ಎಂದಳು ಮಗಳು ನನ್ನ ಕೈ ಹಿಡಿದುಕೊಂಡು. "ಇದೇ ಅಮ್ಮ. ನಾನು ಚಿಕ್ಕವಳಿದ್ದಾಗ. ಇದೇ."

"ಐತೆ" ಎಂದರು ಅತ್ತೆ, ಯಾರಿಗೋ ಹೇಳುವ ಹಾಗೆ. "ಉಸ್ರೈತೆ."

ಅದಾದ ಮೇಲಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಗಳು ಬಿಡದಿಗೆ ಹೋದಳು. ಮೊಮ್ಮಗಳು ಬಂದಾಗಲೆಲ್ಲ ಹುಳದ ಮನೆಯಲ್ಲೇ ಮಲಗುತ್ತಾಳೆ. ಮನಿ ಪ್ಲಾಂಟು ಕಿಟಕಿಯಿಂದ ಹೊರಗೆ ಹೋಗಿ ಗೋಡೆ ಹತ್ತಿದೆ, ಆ ಗಂಟನ್ನು ನಾವು ಬಿಚ್ಚಿಲ್ಲ. ಮಲಗುವ ಕೋಣೆಗೆ ಯಾವ ಗಿಡ ಒಳ್ಳೆಯದು ಎಂದು ಯಾರಾದರೂ ನನ್ನನ್ನು ಕೇಳಿದರೆ, ಯಾವುದಾದರೂ ಇಡಿ, ಕಿಟಕಿಗೆ ಅಡ್ಡ ಇಡಿ ಎನ್ನುತ್ತೇನೆ. ಅವರು ನಗುತ್ತಾರೆ.

ಈಗ ಮಧ್ಯಾಹ್ನ ನಾನು ಅಲ್ಲೇ ಮಲಗುತ್ತೇನೆ. ಹುಳ ಮೇಯುವ ಸದ್ದು ಈಗಲೂ ಬರುತ್ತದೆ, ಎದೆ ಮೊದಲಿನಷ್ಟು ಹೊಡೆದುಕೊಳ್ಳುವುದಿಲ್ಲ. ಕೆಲವು ದಿನ ಅರೆನಿದ್ದೆಯಲ್ಲಿ ಮೂಗಿನ ಕೆಳಗೆ ಏನೋ ತಣ್ಣಗೆ ಬಂದು ನಿಲ್ಲುತ್ತದೆ, ಹಿಪ್ಪುನೇರಳೆ ಸೊಪ್ಪಿನ ವಾಸನೆ. ನಾನು ಕಣ್ಣು ತೆರೆಯುವುದಿಲ್ಲ. ಅವರಿಗೆ ಕೇಳಿಸಲಿ ಎಂದು ಒಂದಿಷ್ಟು ಜೋರಾಗಿ ಉಸಿರಾಡುತ್ತೇನೆ.